ಮುಚ್ಚುವ ಮೊದಲು ಒಡೆಯುವ ಕೆಲಸ

ಕಾರ್ಖಾನೆ ಕಟ್ಟಡಗಳ ದುರಸ್ತಿಗೆ ಬರುವ ಕೊಟೇಶನ್ನುಗಳನ್ನು ಗಮನವಿಟ್ಟು ಓದಿದವರಿಗೆ ಅವುಗಳ ಒಂದು ಗುಣ ಕಣ್ಣಿಗೆ ಬಿದ್ದೇ ಇರುತ್ತದೆ. ಕೆಟ್ಟ ಕಾಂಕ್ರೀಟನ್ನು ಒಡೆದು ತೆಗೆದ ಜಾಗಕ್ಕೆ ತುಂಬುವ ಸಾಮಗ್ರಿಯ ವಿವರ ಅಲ್ಲಿ ಸಾಲುಸಾಲಾಗಿ ಇರುತ್ತದೆ: ಯಾವ ಕಂಪನಿಯ ಪಾಲಿಮರ್ ಗಾರೆ, ಎಷ್ಟು ಕಿಲೋ, ಎಪಾಕ್ಸಿ ಎಂಬ ಅಂಟು ರಾಳ ಎಷ್ಟು ಕೋಟ್, ಚದರ ಮೀಟರಿಗೆ ಎಷ್ಟು ದರ. ಒಡೆಯುವ ಕೆಲಸಕ್ಕೆ ಸಿಗುವುದು ಅರ್ಧ ಸಾಲು ಮಾತ್ರ. ಸಡಿಲವಾದ ಕಾಂಕ್ರೀಟನ್ನು ತೆಗೆದು ಮೇಲ್ಮೈಯನ್ನು ಸ್ವಚ್ಛಗೊಳಿಸುವುದೂ ಈ ದರದಲ್ಲಿ ಸೇರಿದೆ ಎಂದು ಬರೆದು ಮುಗಿಸಿರುತ್ತಾರೆ. ಅಂದರೆ ಒಡೆಯುವುದಕ್ಕೆ ಪ್ರತ್ಯೇಕ ಹಣವಿಲ್ಲ. ಹಣವಿಲ್ಲದ ಕೆಲಸವನ್ನು ಯಾವ ಗುತ್ತಿಗೆದಾರನೂ ಮನಸ್ಸಿಟ್ಟು ಮಾಡುವುದಿಲ್ಲ, ಮಾಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯ ಶೆಡ್ಡುಗಳಲ್ಲಿ, ನಂಜನಗೂಡಿನಲ್ಲಿ, ಮಂಡ್ಯದ ಕಡೆ ತೂಬಿನಕೆರೆಯಲ್ಲಿ ಇಂಥ ಕೆಲಸಗಳ ಮೇಲುಸ್ತುವಾರಿ ನೋಡುತ್ತಾ ಬಂದವನಾಗಿ ನನಗೆ ಖಚಿತವಾಗಿರುವುದಿಷ್ಟು: ಎರಡು ಮಳೆಗಾಲ ಕಳೆಯುವುದರೊಳಗೆ ಉದುರಿಬೀಳುವ ತೇಪೆಗಳ ಪೈಕಿ ಹೆಚ್ಚಿನವು ತುಂಬಿದ ದಿನದಂದು ಕೆಟ್ಟವಲ್ಲ, ಅದಕ್ಕೂ ಮೊದಲು ಒಡೆದ ದಿನದಂದೇ ಕೆಟ್ಟವು.

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿದ್ದು 1966ರಲ್ಲಿ. ಅದರ ನಂತರದ ದಶಕಗಳಲ್ಲಿ ಎದ್ದ ಕಾರ್ಖಾನೆ ಕಟ್ಟಡಗಳಿಗೆ ಈಗ ನಡುವಯಸ್ಸು. ಆ ಕಾಲದ ವಿನ್ಯಾಸವೂ ಇಂದಿನದಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ 1978ರ ಆವೃತ್ತಿಯ ಪ್ರಕಾರ ತಾರಸಿಯೊಳಗಿನ ಕಬ್ಬಿಣದ ಕಂಬಿಗೆ ಕನಿಷ್ಠ 15 ಮಿಲಿಮೀಟರ್ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಇದ್ದರೆ ಸಾಕಿತ್ತು. 2000ದ ಪರಿಷ್ಕರಣೆ ಅದನ್ನು ಸೌಮ್ಯ ವಾತಾವರಣಕ್ಕೆ 20, ಮಧ್ಯಮಕ್ಕೆ 30, ತೀವ್ರಕ್ಕೆ 45 ಮಿಲಿಮೀಟರಿಗೆ ಏರಿಸಿತು. ಕಾಗದದ ಮೇಲಿನ ಆ 15 ಮಿಲಿಮೀಟರ್ ಕೂಡ ಸೈಟಿನಲ್ಲಿ ಸಿಕ್ಕಿರುತ್ತದೆ ಎನ್ನುವಂತಿಲ್ಲ. ಕವರ್ ಬ್ಲಾಕಿನ ಬದಲು ಜಲ್ಲಿಕಲ್ಲಿನ ಚೂರನ್ನು ಕಂಬಿಯ ಕೆಳಗೆ ತುರುಕಿ, ಕಾಂಕ್ರೀಟ್ ಸುರಿಯುವಾಗ ಆ ಕಂಬಿಯ ಮೇಲೆಯೇ ಬಾಂಡ್ಲಿ ಹೊತ್ತವರು ಓಡಾಡಿದ ಕಾಲ ಅದು. ಹಾಗಾಗಿ ಕವರ್ ಮೀಟರ್ ಹಿಡಿದು ನೋಡಿದರೆ ಒಂದೇ ತಾರಸಿಯಲ್ಲಿ ಇಲ್ಲಿ 25, ಅಲ್ಲಿ 6 ಎಂದು ತೋರಿಸುವುದು ಸಾಮಾನ್ಯ. ಮೊದಲು ಉದುರುವುದು ಆ 6ರ ಜಾಗವೇ.

ನಮ್ಮದು ಕಡಲತಡಿಯ ಊರಲ್ಲ, ಉಪ್ಪುಗಾಳಿಯಿಲ್ಲ, ಹೀಗಾಗಿ ಇಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಭಯ ಕಡಿಮೆ ಎಂಬ ನಂಬಿಕೆ ಮ್ಯಾನೇಜರುಗಳಲ್ಲಿ ಗಟ್ಟಿಯಾಗಿದೆ. ಅದು ಅರ್ಧ ಮಾತ್ರ ನಿಜ. ಹೊಸ ಕಾಂಕ್ರೀಟಿನ ಒಳಗಿನ ನೀರು ತೀವ್ರ ಕ್ಷಾರ. ಅದರ ಪಿಎಚ್ 12.5ಕ್ಕಿಂತ ಮೇಲಿರುತ್ತದೆ, ಮತ್ತು ಆ ಕ್ಷಾರದಲ್ಲಿ ಕಂಬಿಯ ಮೇಲೆ ತಾನಾಗಿ ಹುಟ್ಟುವ ತೆಳುಪೊರೆ ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗಿಳಿದು ಈ ಕ್ಷಾರವನ್ನು ತಿನ್ನುತ್ತಾ ಹೋಗುತ್ತದೆ. ಈ ಕಾರ್ಬೊನೇಶನ್ ಅತಿ ವೇಗವಾಗಿ ನಡೆಯುವುದು ತೇವಾಂಶ ಶೇಕಡಾ 50ರಿಂದ 70ರ ನಡುವೆ ಇರುವಾಗ, ಅಂದರೆ ಮೈಸೂರಿನ ವರ್ಷದ ಹಲವು ದಿನಗಳ ಹವೆಯಲ್ಲಿ. ಬಾಯ್ಲರ್, ಕುಲುಮೆ, ಡೀಸೆಲ್ ಜನರೇಟರುಗಳ ಹೊಗೆ ತಾಗುವ ಕಡೆ ಅದು ಇನ್ನೂ ಬೇಗ. ಒಣಗಾಳಿ ಕ್ಷಾರವನ್ನು ತಿಂದು ದಾರಿ ಮಾಡಿಕೊಡುತ್ತದೆ, ಮಳೆಗಾಲದ ಸೋರಿಕೆ ಬಂದು ತುಕ್ಕನ್ನು ಎಬ್ಬಿಸುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೆ ಕಾಂಕ್ರೀಟ್ ಕಂಬಿಯ ಉದ್ದಕ್ಕೂ ಬಿರಿಯುತ್ತದೆ. ಇದರ ಜೊತೆಗೆ ಮಂಡ್ಯ ಜಿಲ್ಲೆಯ ಕೆಲವು ಕಡೆ ಬೋರ್‌ವೆಲ್ಲಿನ ಉಪ್ಪುನೀರಿನಲ್ಲೇ ಕಾಂಕ್ರೀಟ್ ಕಲಸಿದ ಹಳೆಯ ಕಟ್ಟಡಗಳಿವೆ. ಕಂಬಿ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಮಾನಕ ಹೇಳುತ್ತದೆ, ಆದರೆ ಆಗ ನೀರನ್ನು ಲ್ಯಾಬಿಗೆ ಕಳಿಸುತ್ತಿದ್ದವರು ವಿರಳ.

ಒಡೆಯುವುದಕ್ಕೂ ಮೊದಲು ಎಷ್ಟು ಒಡೆಯಬೇಕೆಂದು ತಿಳಿಯಬೇಕು. ಇದಕ್ಕೆ ಅಲ್ಟ್ರಾಸೋನಿಕ್, ರಿಬೌಂಡ್ ಹ್ಯಾಮರ್, ಹಾಫ್ ಸೆಲ್ ಎಂದು ಯಂತ್ರಗಳಿವೆ, ಅವು ಬೇಕು ಕೂಡ. ಆದರೆ ಪದರ ಎದ್ದ ಜಾಗವನ್ನು ಗುರುತಿಸುವುದರಲ್ಲಿ ಅರ್ಧ ಕಿಲೋ ಸುತ್ತಿಗೆಗೂ ಅನುಭವದ ಕಿವಿಗೂ ಸಮನಾದ ಸಾಧನವನ್ನು ನಾನಿನ್ನೂ ಕಂಡಿಲ್ಲ. ಪಾಂಡವಪುರದ ಕಡೆಯ ಮೇಸ್ತ್ರಿಯೊಬ್ಬರು ತೊಲೆಯ ತಳವನ್ನು ಬಡಿಯುತ್ತಾ ಹೋಗುವುದನ್ನು ನೋಡಬೇಕು. ಅವರು ಜೋರಾಗಿ ಹೊಡೆಯುವುದಿಲ್ಲ. ಸುತ್ತಿಗೆಯನ್ನು ಸಡಿಲವಾಗಿ ಹಿಡಿದು, ಗೇಣು ಗೇಣಿಗೆ ಒಂದೊಂದು ಏಟು ಬೀಳುವಂತೆ ಬಿಡುತ್ತಾರೆ. ಗಟ್ಟಿ ಜಾಗದಲ್ಲಿ ಸುತ್ತಿಗೆ ಠಣ್ಣೆಂದು ಹಿಂದಕ್ಕೆ ಪುಟಿಯುತ್ತದೆ, ಪದರ ಎದ್ದಲ್ಲಿ ಸದ್ದು ಮಂಕಾಗಿ ಏಟು ಅಲ್ಲೇ ಕೂರುತ್ತದೆ. “ಇಲ್ಲಿಗಂಟ ಗಟ್ಟಿ ಸಾ, ಇಲ್ಲಿಂದಾಚೆಗೆ ಹೊಟ್ಟೆ ಖಾಲಿ” ಎಂದು ಸೀಮೆಸುಣ್ಣದಲ್ಲಿ ಅವರು ಎಳೆದ ಗೆರೆಯೊಳಗೆ ಆಮೇಲೆ ಕೋರ್ (ಪರೀಕ್ಷೆಗೆ ಕೊರೆದು ತೆಗೆಯುವ ಕಾಂಕ್ರೀಟ್ ತುಂಡು) ತೆಗೆದಾಗ, ತೊಲೆಯ ತಳದಲ್ಲಿ ಕಂಬಿಯ ಮಟ್ಟಕ್ಕೆ ಸರಿಯಾಗಿ ಒಂದು ಪದರ ಬೇರೆಯಾಗಿತ್ತು, ಹೊರಗಿನಿಂದ ಒಂದು ಕೂದಲೆಳೆ ಬಿರುಕೂ ಕಾಣುತ್ತಿರಲಿಲ್ಲ. ಈ ಬಡಿಯುವ ಕೆಲಸವನ್ನು ಯಂತ್ರಗಳು ನಿಂತ ಹೊತ್ತಿನಲ್ಲಿ ಮಾಡಬೇಕು. ಕಂಪ್ರೆಸರ್ ಓಡುವಾಗ ಯಾರ ಕಿವಿಗೂ ಏನೂ ಗೊತ್ತಾಗದು.

ಎರಡನೆಯ ಪರೀಕ್ಷೆ ಇನ್ನೂ ಅಗ್ಗ. ಹೊಸದಾಗಿ ಒಡೆದ ಕಾಂಕ್ರೀಟಿನ ಮುಖದ ಮೇಲಿನ ಧೂಳು ಊದಿ, ಆಲ್ಕೊಹಾಲಿನಲ್ಲಿ ಕರಗಿಸಿದ ಶೇಕಡಾ 1ರ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದರೆ, ಕ್ಷಾರ ಉಳಿದಿರುವ ಭಾಗ ಢಾಳಾದ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕಾರ್ಬೊನೇಶನ್ ಆದ ಭಾಗ ಬೂದಿಬಣ್ಣದಲ್ಲೇ ಉಳಿಯುತ್ತದೆ. ಎರಡರ ನಡುವಿನ ಗಡಿಯನ್ನು ಸ್ಕೇಲಿಟ್ಟು ಅಳೆಯಬಹುದು. ಗಡಿ ಕಂಬಿಯನ್ನು ದಾಟಿದೆಯೋ, ಇನ್ನೂ ಇತ್ತ ಕಡೆಯೇ ಇದೆಯೋ ಎಂಬುದರ ಮೇಲೆ ದುರಸ್ತಿಯ ಸ್ವರೂಪವೇ ಬದಲಾಗುತ್ತದೆ. ಕಾರ್ಬೊನೇಶನ್ನಿನ ಆಳ ಸುಮಾರಾಗಿ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 10 ವರ್ಷಕ್ಕೆ 10 ಮಿಲಿಮೀಟರ್ ಇಳಿದದ್ದು 20 ಮಿಲಿಮೀಟರ್ ಮುಟ್ಟಲು 40 ವರ್ಷ ಬೇಕು. ಹೀಗಾಗಿ ಗಡಿ ಇನ್ನೂ ಕಂಬಿಯಿಂದ ದೂರವಿದ್ದರೆ ಇಂಗಾಲದ ಡೈಆಕ್ಸೈಡನ್ನು ತಡೆಯುವ ಒಂದು ಒಳ್ಳೆಯ ಲೇಪನವೇ ಸಾಕಾಗಬಹುದು. ಗಡಿ ಕಂಬಿಯನ್ನು ದಾಟಿದ್ದರೆ ಬಣ್ಣ ಬಳಿದು ಸಮಾಧಾನ ಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನು ಒಡೆಯುವುದು. ತೊಲೆಯನ್ನಾಗಲಿ ಕಂಬವನ್ನಾಗಲಿ ಮುಟ್ಟುವ ಮೊದಲು ಆಸರೆ ಕೊಡಬೇಕು. ಆ ಆಸರೆಯ ಕೆಳಗಿನ ನೆಲ ಭಾರ ಹೊರುತ್ತದೆಯೇ, ಅಡಿಯಲ್ಲಿ ಕೇಬಲ್ ಹಾಯುವ ಚರಂಡಿ ಇದೆಯೇ ಎಂದು ನೋಡಬೇಕು. ತೇಪೆಯ ಅಂಚನ್ನು ಕಟರಿನಿಂದ ಸುಮಾರು 10 ಮಿಲಿಮೀಟರ್ ಆಳಕ್ಕೆ ನೇರವಾಗಿ ಕೊಯ್ಯಬೇಕು, ಕೊಯ್ಯುವಾಗ ಕಂಬಿಗೆ ತಾಗಬಾರದು. ಅಂಚು ಇಳಿಜಾರಾಗಿ ಸವೆದು ತೆಳುವಾಗಿ ಮುಗಿದರೆ ಮೇಲೆ ಹಾಕುವ ಗಾರೆ ಆ ತೆಳುವಿನಲ್ಲಿ ನೀರು ಕಳೆದುಕೊಂಡು ಹಪ್ಪಳದಂತೆ ಮೇಲೇಳುತ್ತದೆ. ಆಮೇಲೆ ಕಂಬಿಯ ಹಿಂಬದಿ. ಬಹುಪಾಲು ಕೆಲಸಗಳು ಸೋಲುವುದು ಇಲ್ಲೇ. ಕಂಬಿಯ ಮುಂಭಾಗ ಕಂಡ ಕೂಡಲೇ ಕೆಲಸಗಾರ ನಿಲ್ಲಿಸುತ್ತಾನೆ, ತಂತಿಬ್ರಷ್ಷಿನಿಂದ ಎದುರಿನ ತುಕ್ಕನ್ನು ಉಜ್ಜುತ್ತಾನೆ, ಪ್ರೈಮರ್ ಹಚ್ಚುತ್ತಾನೆ. ಕಂಬಿಯ ಹಿಂದಿನ ಅರ್ಧ ಸುತ್ತು ಹಳೆಯ, ಕ್ಷಾರ ಕಳೆದುಕೊಂಡ ಕಾಂಕ್ರೀಟಿನಲ್ಲೇ ಉಳಿದಿರುತ್ತದೆ. ತುಕ್ಕು ಹಿಡಿದ ಕಂಬಿಯ ಸುತ್ತ, ಹಿಂಬದಿಯಲ್ಲೂ 20ರಿಂದ 25 ಮಿಲಿಮೀಟರ್ ಬಿಡುವು ಸಿಗುವಂತೆ ಕೊರೆಯಬೇಕು, ಬೆರಳು ಕಂಬಿಯನ್ನು ಸುತ್ತಿ ಬರುವಷ್ಟು. ಉದ್ದಕ್ಕೂ ತುಕ್ಕು ಎಲ್ಲಿ ಮುಗಿದು ಶುದ್ಧ ಕಬ್ಬಿಣ ಕಾಣುತ್ತದೆಯೋ ಅಲ್ಲಿಂದ ಇನ್ನೂ ಸುಮಾರು 50 ಮಿಲಿಮೀಟರ್ ಮುಂದೆ ಹೋಗಬೇಕು. ಸೀಮೆಸುಣ್ಣದ ಗೆರೆ ಅಲ್ಲಿ ನಿಂತಿದ್ದರೂ ತುಕ್ಕು ನಿಲ್ಲದಿದ್ದರೆ ಗೆರೆಯನ್ನೇ ದಾಟಬೇಕು.

ಒಡೆಯುವ ಯಂತ್ರದ ಆಯ್ಕೆಯೂ ಸಣ್ಣ ವಿಷಯವಲ್ಲ. ರಸ್ತೆ ಅಗೆಯುವ ದೊಡ್ಡ ಬ್ರೇಕರನ್ನು ತೊಲೆಗೆ ಹಚ್ಚಿದರೆ ಕೆಲಸ ಬೇಗ ಮುಗಿಯುವುದು ನಿಜ, ಆದರೆ ಉಳಿಯಬೇಕಾದ ಕಾಂಕ್ರೀಟಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು ತುಂಬಿಕೊಳ್ಳುತ್ತವೆ, ಹೊಸ ಗಾರೆ ಆ ಒಡಕು ಪದರವನ್ನು ಹಿಡಿದುಕೊಂಡೇ ಉದುರುತ್ತದೆ. ಹಗುರವಾದ ಚಿಪ್ಪಿಂಗ್ ಯಂತ್ರದಲ್ಲಿ ಒಡೆದು, ಕೊನೆಯ ಹಂತವನ್ನು ಮರಳು ಚಿಮ್ಮಿಸಿಯೋ ಅಧಿಕ ಒತ್ತಡದ ನೀರಿನಿಂದಲೋ ಮುಗಿಸುವುದು ಒಳ್ಳೆಯದು. ಕಂಬಿ ಸವೆದು ಅದರ ಕಾಲುಭಾಗದಷ್ಟು ಹೋಗಿದ್ದರೆ ಪಕ್ಕಕ್ಕೆ ಹೊಸ ಕಂಬಿ ಕೊಡುವ ವಿಚಾರವನ್ನು ವಿನ್ಯಾಸಕಾರರ ಮುಂದಿಡಬೇಕು. ಸೈಟಿನಲ್ಲಿ ತೀರ್ಮಾನಿಸಿ ವೆಲ್ಡ್ ಮಾಡಿ ಮುಗಿಸುವ ವಿಷಯ ಅದಲ್ಲ.

ಚೆನ್ನಾಗಿ ಒಡೆದು ಚೆನ್ನಾಗಿ ತುಂಬಿದ ಮೇಲೂ ಕೆಲವೊಮ್ಮೆ ಒಂದು ವಿಚಿತ್ರ ಕಾಣುತ್ತದೆ. ತೇಪೆ ಗಟ್ಟಿಯಾಗಿಯೇ ಇರುತ್ತದೆ, ಅದರ ಸುತ್ತಲೂ ಅಂಚಿನಾಚೆ ಹೊಸದಾಗಿ ತುಕ್ಕು ಏಳುತ್ತದೆ. ಮೊದಲು ಒಂದು ಜಾಗದಲ್ಲಿ ಕಂಬಿ ಕರಗುತ್ತಾ ಇದ್ದಾಗ ಅದು ತನ್ನ ಅಕ್ಕಪಕ್ಕದ ಕಂಬಿಯನ್ನು ವಿದ್ಯುದ್ರಾಸಾಯನಿಕವಾಗಿ ಕಾಪಾಡುತ್ತಿರುತ್ತದೆ. ಆ ಜಾಗವನ್ನು ಹೊಸ ಕ್ಷಾರೀಯ ಗಾರೆಯಲ್ಲಿ ಮುಚ್ಚಿದ ಮೇಲೆ ಆ ರಕ್ಷಣೆ ತಪ್ಪಿ, ಕ್ಲೋರೈಡ್ ತುಂಬಿದ ಪಕ್ಕದ ಹಳೆಯ ಕಾಂಕ್ರೀಟಿನಲ್ಲಿರುವ ಕಂಬಿ ಕರಗಲು ಶುರುವಾಗುತ್ತದೆ. ಉಪ್ಪುನೀರಿನ ಕಾಂಕ್ರೀಟಿನಲ್ಲಿ ಇದು ಹೆಚ್ಚು. ಇದಕ್ಕೆಂದೇ ತೇಪೆಯ ಅಂಚಿನೊಳಗೆ ಕಂಬಿಗೆ ಕಟ್ಟುವ ಸತುವಿನ ಬಿಲ್ಲೆಗಳು ಸಿಗುತ್ತವೆ. ಕಂಬಿಯ ಬದಲು ತಾವೇ ಕರಗಿಹೋಗುವುದು ಅವುಗಳ ಕೆಲಸ. ದುಬಾರಿ ಎಂದು ಕೈಬಿಡುವ ಮೊದಲು ಕ್ಲೋರೈಡ್ ಪರೀಕ್ಷೆಯ ಫಲಿತಾಂಶವನ್ನಾದರೂ ನೋಡಬೇಕು.

ತುಂಬುವ ಕೆಲಸದ ಬಗ್ಗೆ ಸಾಮಗ್ರಿ ಮಾರುವವರು ಬೇಕಾದಷ್ಟು ಬರೆದಿದ್ದಾರೆ, ಹಾಗಾಗಿ ಎರಡೇ ಮಾತು. ಎಪಾಕ್ಸಿ ಬಾಂಡಿಂಗ್ ಕೋಟ್ ಹಚ್ಚಿದರೆ ಅದು ಅಂಟಂಟಾಗಿರುವಾಗಲೇ ಗಾರೆ ಬೀಳಬೇಕು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದು ಒಣಗಿ ಗಾಜಿನಂತಾದರೆ ಕೂಡಿಸಬೇಕಾದದ್ದೇ ಬೇರ್ಪಡಿಸುವ ಪದರವಾಗುತ್ತದೆ. ಸಿಮೆಂಟ್ ಆಧಾರಿತ ಗಾರೆಯಾದರೆ ಹಿಂದಿನ ದಿನವೇ ಮೇಲ್ಮೈಗೆ ನೀರು ಕುಡಿಸಿ, ಹಾಕುವ ಹೊತ್ತಿಗೆ ಒಳಗೆ ತೇವ, ಹೊರಗೆ ನೀರು ನಿಲ್ಲದ ಸ್ಥಿತಿಯಲ್ಲಿರಬೇಕು. ಮಾರ್ಚ್–ಏಪ್ರಿಲ್‌ನ ಬಿಸಿಲಿನಲ್ಲಿ, ಅದರಲ್ಲೂ ತಗಡಿನ ಚಾವಣಿಯ ಕೆಳಗೆ, ತೆಳುವಾದ ತೇಪೆ ಕೆಲವೇ ಗಂಟೆಗಳಲ್ಲಿ ನೀರು ಕಳೆದುಕೊಳ್ಳುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತುವ ಹಳೆಯ ಪದ್ಧತಿ ಈಗಲೂ ಎಲ್ಲಕ್ಕಿಂತ ಮೇಲು.

ಆದರೆ ನೀರು ಎಲ್ಲಿಂದ ಬಂತೆಂದು ತಿಳಿಯದೆ ಕಂಬಿಯನ್ನು ಎಷ್ಟು ಉಜ್ಜಿದರೂ ವ್ಯರ್ಥ. ನಮ್ಮ ಕಡೆಯ ಶೆಡ್ಡುಗಳಲ್ಲಿ ಉತ್ತರ ಬಹುತೇಕ ಎರಡು ಚಾವಣಿಗಳ ನಡುವಿನ ಕಣಿವೆಯಲ್ಲಿ, ಅಂದರೆ ವ್ಯಾಲಿ ಗಟರ್‌ನಲ್ಲಿ ಸಿಗುತ್ತದೆ. ಮೇ ತಿಂಗಳ ಗುಡುಗುಮಳೆ ಬರುವ ಹೊತ್ತಿಗೆ ಅದರಲ್ಲಿ ವರ್ಷದ ಎಲೆ, ಧೂಳು, ಪಾರಿವಾಳದ ಗೂಡು, ಯಾರೋ ಬಿಟ್ಟುಹೋದ ಬೋಲ್ಟುಗಳು ಎಲ್ಲ ತುಂಬಿರುತ್ತವೆ. ನೀರು ಇಳಿಯುವ ಪೈಪಿನ ಬಾಯಿ ಮುಚ್ಚಿಕೊಂಡರೆ ಗಟರ್ ತುಂಬಿ, ಹಿಂದಕ್ಕೆ ಹರಿದು, ಶೀಟಿನ ಅಡಿಯಿಂದ ಕಂಬದ ತಲೆಗೆ ಇಳಿಯುತ್ತದೆ. ಕಂಬದ ತಲೆಯಲ್ಲಿ ಬಿರುಕು ಕಂಡಾಗ ಎಲ್ಲರೂ ಕಂಬವನ್ನು ನೋಡುತ್ತಾರೆ, ಏಣಿ ಹಾಕಿ ಗಟರ್ ನೋಡುವವರು ಕಡಿಮೆ. ಪ್ಯಾರಪೆಟ್ಟಿನ ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಮೊಳೆತ ಅರಳಿ ಗಿಡವನ್ನು ಕಿತ್ತರೆ ಸಾಲದು, ಬೇರನ್ನು ಸಾಯಿಸಿ ಸಂದಿಯನ್ನು ತುಂಬಬೇಕು. ಅರಳಿ ಮರವನ್ನು ಮುಟ್ಟಬಾರದೆಂಬ ಭಾವನೆಯಿಂದ ಸೆಕ್ಯೂರಿಟಿಯವರು ಅದಕ್ಕೆ ನೀರು ಹಾಕುತ್ತಿದ್ದುದನ್ನೂ ನೋಡಿದ್ದೇನೆ. ಹಳೆಯ ಶೆಡ್ಡುಗಳ ಮೇಲಿನ ಕಲ್ನಾರು ಶೀಟಿನ ಮೇಲೆ ನೇರವಾಗಿ ಕಾಲಿಡಲೇಬಾರದು. ವಯಸ್ಸಾದ ಶೀಟ್ ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತದೆ, ಕೆಳಗೆ ಕಾಂಕ್ರೀಟ್ ನೆಲವಿರುತ್ತದೆ. ಅಡ್ಡಹಲಗೆ, ಸುರಕ್ಷತಾ ಬೆಲ್ಟು, ಕಟ್ಟಲು ಭದ್ರವಾದ ಹಗ್ಗ ಇಲ್ಲದೆ ಸೋರುವ ಬೋಲ್ಟ್ ಒಂದಕ್ಕೆ ವಾಶರ್ ಬದಲಿಸಲು ಹುಡುಗನನ್ನು ಮೇಲೆ ಹತ್ತಿಸುವ ರೂಢಿ ನಿಲ್ಲಬೇಕು. ಆ ಶೀಟಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಒಣಗಿದ್ದಾಗ ಅದನ್ನು ಕೊಯ್ಯುವುದು, ಉಜ್ಜುವುದು ಕೂಡದು.

ನೆಲದ ಕತೆ ಬೇರೆ, ಮತ್ತು ಕಾರ್ಖಾನೆಯಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ನೆಲವೇ. ಫೋರ್ಕ್‌ಲಿಫ್ಟ್‌ನ ಗಟ್ಟಿ ಚಕ್ರ ಕೊಯ್ದ ಜಾಯಿಂಟಿನ ಮೇಲೆ ಹಾಯುವಾಗ ಪ್ರತಿ ಬಾರಿಯೂ ಅಂಚಿಗೆ ಒಂದು ಏಟು ಕೊಡುತ್ತದೆ. ಜಾಯಿಂಟಿನಲ್ಲಿ ಮೆತ್ತನೆಯ ಸೀಲೆಂಟ್ ತುಂಬಿದ್ದರೆ ಅಂಚಿಗೆ ಆಸರೆಯಿಲ್ಲ. ಕ್ರಮೇಣ ಅಂಚು ಉದುರಿ, ಗುಂಡಿ ಅಗಲವಾಗಿ, ಪ್ಯಾಲೆಟ್ ಮೇಲಿನ ಸರಕು ಅಲುಗಾಡತೊಡಗಿದಾಗ ದೂರು ಬರುತ್ತದೆ. ಓಡಾಟದ ದಾರಿಯಲ್ಲಿ ಅರೆಗಟ್ಟಿ ಎಪಾಕ್ಸಿ ಅಥವಾ ಪಾಲಿಯೂರಿಯಾ ತುಂಬಿ ಅಂಚಿಗೆ ಹೆಗಲು ಕೊಡಬೇಕು, ಹೊರಗೆ ಬಿಸಿಲಿನಲ್ಲಿ ಹಿಗ್ಗಿ ಕುಗ್ಗುವ ಜಾಯಿಂಟಿಗೆ ಮಾತ್ರ ಮೆತ್ತನೆಯ ಸೀಲೆಂಟ್. ಎರಡನ್ನೂ ಒಂದೇ ಡಬ್ಬಿಯಿಂದ ತುಂಬುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಹಿಗ್ಗುವಿಕೆಯನ್ನು ಲೆಕ್ಕ ಹಾಕುವುದು ಕಷ್ಟವೇನಲ್ಲ: ಕಾಂಕ್ರೀಟ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.01 ಮಿಲಿಮೀಟರ್ ಹಿಗ್ಗುತ್ತದೆ, 30 ಮೀಟರ್ ಉದ್ದದ ತಾರಸಿಗೆ ಬೆಳಗಿನಿಂದ ಮಧ್ಯಾಹ್ನಕ್ಕೆ 20 ಡಿಗ್ರಿ ಏರಿದರೆ 6 ಮಿಲಿಮೀಟರ್. ಈ ಚಲನೆಗೆ ಜಾಗವಿಲ್ಲದೆ ಹುಟ್ಟಿದ ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್ ಕೊಟ್ಟು ಬಿಗಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುತ್ತದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಾದರೆ ಆ ಬಿರುಕು ಜೀವಂತವೋ ಸತ್ತದ್ದೋ, ಅಂದರೆ ಇನ್ನೂ ಅಲುಗುತ್ತಿದೆಯೋ ನಿಂತಿದೆಯೋ, ಗಾಜು ಒಡೆದಿದೆಯೇ ಎಂದು ನೋಡಿ ಗೊತ್ತಾಗುತ್ತದೆ. ಇಂಜೆಕ್ಷನ್ ಸತ್ತ ಬಿರುಕಿಗೆ ಮಾತ್ರ.

ಎಪಾಕ್ಸಿ ನೆಲಹಾಸು ಗುಳ್ಳೆ ಏಳುವುದು ಈಗ ಹೆಚ್ಚಾಗಿ ಕಾಣುವ ದೂರು. ನೆಲದ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಕದೆ ಕಟ್ಟಿದ ಹಳೆಯ ಶೆಡ್ಡುಗಳಲ್ಲಿ ಮಣ್ಣಿನ ತೇವ ಆವಿಯಾಗಿ ಮೇಲೇರುತ್ತಲೇ ಇರುತ್ತದೆ. ಇದನ್ನು ಮೊದಲೇ ತಿಳಿಯಲು ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಸಂಜೆಯಿಂದ ಮರುದಿನ ಬೆಳಗ್ಗೆಯವರೆಗೆ, ಕನಿಷ್ಠ 16 ಗಂಟೆ ಬಿಟ್ಟು ತೆಗೆದು ನೋಡಿದರೆ ಸಾಕು. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ಎಪಾಕ್ಸಿ ತಂಡವನ್ನು ಅಂದು ವಾಪಸ್ ಕಳಿಸಬೇಕು. ಹತ್ತು ರೂಪಾಯಿಯ ಈ ಪರೀಕ್ಷೆಯನ್ನು ಬಿಟ್ಟು ಲಕ್ಷಾಂತರ ರೂಪಾಯಿಯ ನೆಲಹಾಸನ್ನು ಕಿತ್ತು ಮತ್ತೆ ಹಾಕಿದ ಸೈಟುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಎಣ್ಣೆ ಕುಡಿದ ನೆಲವಾದರೆ ಇನ್ನೂ ಕಷ್ಟ. ಲೇತ್, ಪ್ರೆಸ್ ಯಂತ್ರಗಳ ಅಡಿಯ ಕಾಂಕ್ರೀಟ್ ವರ್ಷಗಟ್ಟಲೆ ಎಣ್ಣೆ ಹೀರಿರುತ್ತದೆ. ಸೋಪುನೀರಿನಲ್ಲಿ ತೊಳೆದಾಗ ಮೇಲೆ ಶುಭ್ರವಾಗಿ ಕಂಡರೂ ಎರಡೇ ದಿನದಲ್ಲಿ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಒಂದು ಹನಿ ನೀರು ಬಿಟ್ಟು ನೋಡಬೇಕು. ನೀರು ಹೀರಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ಇನ್ನೂ ಒಡೆಯುವುದು ಬಾಕಿಯಿದೆ.

ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ 1933ರಿಂದಲೂ ಆ ಜಿಲ್ಲೆಯ ಬದುಕು ಕಬ್ಬಿನ ಹಂಗಾಮಿನ ಸುತ್ತ ತಿರುಗುತ್ತಾ ಬಂದಿದೆ, ಸಕ್ಕರೆ ಕಾರ್ಖಾನೆಗಳ ಸಿವಿಲ್ ಕೆಲಸವೂ ಹಾಗೆಯೇ. ನುರಿಯುವ ಹಂಗಾಮಿನಲ್ಲಿ ಯಾವುದನ್ನೂ ಮುಟ್ಟುವಂತಿಲ್ಲ, ಗಾಣ ನಿಂತ ಮೇಲೆ ಸಿಗುವ ಬಿಡುವಿನಲ್ಲೇ ಎಲ್ಲ ಮುಗಿಯಬೇಕು. ಸಕ್ಕರೆ ಕಾಂಕ್ರೀಟಿಗೆ ಎಂಥ ಶತ್ರು ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ. ನೆಲಕ್ಕೆ ಚೆಲ್ಲಿದ ಕಬ್ಬಿನ ಹಾಲು, ಕಾಕಂಬಿ ಹುಳಿತು ಆಮ್ಲವಾಗುತ್ತವೆ. ಆಮ್ಲ ಸಿಮೆಂಟಿನ ಅಂಶವನ್ನು ಕರಗಿಸುತ್ತದೆ. ಹುಳಿಯದ ಸಕ್ಕರೆಯೂ ಸುಮ್ಮನಿರುವುದಿಲ್ಲ, ಕಾಂಕ್ರೀಟಿನೊಳಗಿನ ಸುಣ್ಣದ ಜೊತೆ ಸೇರಿ ಕರಗುವ ಸಂಯುಕ್ತವಾಗಿ ಅದನ್ನು ಹೊರಗೆಳೆಯುತ್ತದೆ. ಗಾಣದ ಸುತ್ತಲಿನ ನೆಲವನ್ನು ನೋಡಿದರೆ ಜಲ್ಲಿಕಲ್ಲುಗಳು ಮಾತ್ರ ಗುಬುಟುಗುಬುಟಾಗಿ ಮೇಲೆ ನಿಂತಿದ್ದು, ನಡುವಿನ ಗಾರೆ ಸವೆದು ತಗ್ಗಾಗಿರುತ್ತದೆ, ಕಾಲಿಟ್ಟರೆ ಚಪ್ಪಲಿ ಅಂಟುತ್ತದೆ.

ಇಂಥ ನೆಲದ ಮೇಲೆ ಹೊಸ ಕಾಂಕ್ರೀಟ್ ಹಾಕಿದರೆ ಏನಾಗುತ್ತದೆ ಎಂಬುದು ಒಡೆಯುವ ಕೆಲಸದ ಮಹತ್ವಕ್ಕೆ ಇನ್ನೊಂದು ಸಾಕ್ಷಿ. ಸಿಮೆಂಟಿನ ತೂಕದ ಶೇಕಡಾ 0.05ರಷ್ಟು ಸಕ್ಕರೆ ಸೇರಿದರೂ ಅದು ಸೆಟ್ ಆಗುವುದು ಗಂಟೆಗಟ್ಟಲೆ ತಡವಾಗುತ್ತದೆ, ಇನ್ನೂ ಸ್ವಲ್ಪ ಹೆಚ್ಚಾದರೆ ಸೆಟ್ ಆಗುವುದೇ ಇಲ್ಲ. ಸಕ್ಕರೆ ಕುಡಿದ ಹಳೆಯ ನೆಲದ ಮೇಲೆ ಸುರಿದ ಕಾಂಕ್ರೀಟಿನ ಮೇಲ್ಭಾಗ ಗಟ್ಟಿಯಾಗಿ, ಕೆಳಗೆ ಹಳೆಯ ನೆಲಕ್ಕೆ ತಾಗುವ ತೆಳು ಪದರ ಮಾತ್ರ ಹಸಿಯಾಗಿಯೇ ಪುಡಿಪುಡಿಯಾಗಿ ಉಳಿಯುತ್ತದೆ. ಆ ವರ್ಷ ಯಾರಿಗೂ ತಿಳಿಯುವುದಿಲ್ಲ. ಮುಂದಿನ ಹಂಗಾಮಿನಲ್ಲಿ ಟ್ರಾಲಿ ಓಡಾಡಿದಾಗ ಚಪ್ಪಡಿ ಚಪ್ಪಡಿಯಾಗಿ ಎದ್ದುಬರುತ್ತದೆ. ಬಿಸಿನೀರಿನಲ್ಲಿ ಮತ್ತೆಮತ್ತೆ ತೊಳೆದು, ಸವೆದ ಪದರವನ್ನು ಗಟ್ಟಿ ಕಾಂಕ್ರೀಟ್ ಸಿಗುವವರೆಗೂ ತೆಗೆದು, ಮೊದಲು ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಹಾಕಿ, ಕಿತ್ತು ನೋಡುವುದು ಸರಿಯಾದ ಕ್ರಮ. ಹೆಚ್ಚು ಚೆಲ್ಲುವ ಕಡೆ ಸಾದಾ ಕಾಂಕ್ರೀಟನ್ನೇ ಬಿಟ್ಟು, ಆಮ್ಲ ತಡೆಯುವ ಬಿಲ್ಲೆಯನ್ನೋ ಗ್ರಾನೈಟ್ ಚಪ್ಪಡಿಯನ್ನೋ ಹಾಸಿ, ಸಂದುಗಳನ್ನು ಎಪಾಕ್ಸಿಯಲ್ಲಿ ತುಂಬುವುದು ನನ್ನ ಆಯ್ಕೆ. ಚಪ್ಪಡಿ ಕೆಡುವುದಿಲ್ಲ, ಸಂದು ಕೆಡುತ್ತದೆ. ಹಾಗಾಗಿ ಸಂದು ಎಷ್ಟು ಕಿರಿದಾದರೆ ಅಷ್ಟು ಒಳ್ಳೆಯದು, ಇಳಿಜಾರು ಚರಂಡಿಯ ಕಡೆಗೆ ಇದ್ದೇ ಇರಬೇಕು.

ಮೈಸೂರಿನ ಕಾರ್ಖಾನೆಗಳಿಗೆ ಹಂಗಾಮಿಲ್ಲ, ಅವುಗಳಿಗೆ ಸಿಗುವ ಬಿಡುವು ಆಯುಧಪೂಜೆಯ ರಜೆ. ಯಂತ್ರಗಳನ್ನೆಲ್ಲ ತೊಳೆದು, ಕುಂಬಳಕಾಯಿ ಒಡೆದು, ಬಾಳೆಕಂದು ಕಟ್ಟಿ ಜನ ದಸರೆಗೆ ಹೊರಡುವ ಹೊತ್ತಿಗೆ ಸಿವಿಲ್ ತಂಡ ಒಳಗೆ ಬರುತ್ತದೆ. ವಿಜಯದಶಮಿ ಮುಗಿದು ಮರುದಿನ ಶಿಫ್ಟ್ ಶುರುವಾಗುವಷ್ಟರಲ್ಲಿ ನೆಲ ಭಾರ ಹೊರಬೇಕೆಂಬ ಒತ್ತಾಯ. ಬೇಗ ಗಟ್ಟಿಯಾಗುವ ಮೆಗ್ನೀಷಿಯಂ ಫಾಸ್ಫೇಟ್ ಗಾರೆಯಂಥವು ಕೆಲವೇ ಗಂಟೆಗಳಲ್ಲಿ ಫೋರ್ಕ್‌ಲಿಫ್ಟ್ ತಡೆದುಕೊಳ್ಳುವಷ್ಟಾಗುತ್ತವೆ, ಆದ್ದರಿಂದ ತುಂಬುವುದಕ್ಕೆ ಸಮಯವಿಲ್ಲ ಎಂಬ ಮಾತು ಇಂದು ನಿಲ್ಲುವುದಿಲ್ಲ. ಒಡೆಯುವುದನ್ನು ಬೇಗ ಮಾಡಿಸುವ ಡಬ್ಬಿ ಮಾತ್ರ ಯಾವ ಅಂಗಡಿಯಲ್ಲೂ ಸಿಗದು. ಮೂರು ದಿನ ಸಿಕ್ಕರೆ ಅದರಲ್ಲಿ ಎರಡು ದಿನವನ್ನು ಒಡೆಯುವುದಕ್ಕೂ ಶುಚಿ ಮಾಡುವುದಕ್ಕೂ ಇಡಬೇಕೆಂದು ನಾನು ಹಟ ಹಿಡಿಯುತ್ತೇನೆ. ಮೊದಲ ದಿನ ಸಂಜೆ ಬಂದ ಪ್ಲಾಂಟ್ ಮ್ಯಾನೇಜರರು ನೆಲದ ತುಂಬ ಗುಂಡಿಗಳನ್ನು ನೋಡಿ ಗಾಬರಿಯಾಗುವುದು ಪ್ರತಿ ವರ್ಷವೂ ಇದ್ದದ್ದೇ.

ಯಂತ್ರದ ಬುನಾದಿಗೆ ಗ್ರೌಟ್, ಅಂದರೆ ಸುರಿದು ತುಂಬುವ ತೆಳು ಗಾರೆ, ಹಾಕುವಾಗಲೂ ಇದೇ ಲೆಕ್ಕ. ಯಂತ್ರ ಕೂರುವ ಬೇಸ್‌ಪ್ಲೇಟಿನ ಅಡಿಯ ನುಣುಪಾದ ಸಿಮೆಂಟ್ ಹಾಲಿನ ಪದರವನ್ನು ಒಡೆದು ಜಲ್ಲಿ ಕಾಣಿಸಬೇಕು, ಒಂದು ಕಡೆಯಿಂದ ಮಾತ್ರ ಎತ್ತರವಿಟ್ಟು ಸುರಿದು ಎದುರು ಕಡೆ ಗ್ರೌಟ್ ಉಕ್ಕಿ ಬರುವವರೆಗೆ ನಿಲ್ಲಿಸಬಾರದು. ಎರಡೂ ಕಡೆಯಿಂದ ಸುರಿದರೆ ಗಾಳಿ ನಡುವೆ ಸಿಕ್ಕಿಕೊಳ್ಳುತ್ತದೆ. ಸರಾಗವಾಗಿ ಹರಿಯಲೆಂದು ಚೀಲದ ಮೇಲೆ ಬರೆದದ್ದಕ್ಕಿಂತ ಒಂದು ಚೊಂಬು ಹೆಚ್ಚು ನೀರು ಹಾಕಿದರೆ ಕುಗ್ಗದ ಗ್ರೌಟ್ ಕೂಡ ಕುಗ್ಗುತ್ತದೆ.

ತ್ಯಾಜ್ಯನೀರಿನ ತೊಟ್ಟಿಗಳ ವಿಷಯದಲ್ಲಿ ತಾಂತ್ರಿಕತೆಗಿಂತ ಮೊದಲು ಪ್ರಾಣದ ಮಾತು. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೇಲಿನ ಮುಚ್ಚಳದ ತಳಕ್ಕೆ ತಾಗಿ, ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ, ನೀರಿನ ಮಟ್ಟಕ್ಕಿಂತ ಮೇಲಿನ ಕಾಂಕ್ರೀಟನ್ನೇ ಮೊದಲು ತಿನ್ನುತ್ತದೆ. ಅದೇ ಅನಿಲ ಒಳಗಿಳಿದ ಮನುಷ್ಯನನ್ನು ಕೆಲವೇ ಉಸಿರಿನಲ್ಲಿ ಕೊಲ್ಲುತ್ತದೆ, ಎತ್ತಲು ಇಳಿದವನನ್ನೂ ಕೊಲ್ಲುತ್ತದೆ. ಅನಿಲ ಮಾಪಕ, ಗಾಳಿ ಊದುವ ಯಂತ್ರ, ಮೇಲೆ ನಿಂತು ಕಾಯುವ ಮನುಷ್ಯ ಮತ್ತು ಲಿಖಿತ ಪರವಾನಗಿ ಇಲ್ಲದೆ ಸುತ್ತಿಗೆ ಏಟಿನ ಪರೀಕ್ಷೆಗೂ ಇಳಿಯಬಾರದು.

ಒಡೆಯಲೇಬಾರದ ಗೋಡೆಗಳೂ ಇವೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಕಟ್ಟಡಕ್ಕೆ ಬಳಸಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಆ ಕಾಲದ ಗೋಡೆಗಳು, ಗೋದಾಮುಗಳು ಮೈಸೂರು ಸೀಮೆಯಲ್ಲಿ ಇನ್ನೂ ಬಳಕೆಯಲ್ಲಿವೆ. ಅಂಥ ಇಟ್ಟಿಗೆ ಗೋಡೆಯ ಸಂದನ್ನು ಬ್ರೇಕರಿನಲ್ಲಿ ಕೊರೆದು ಗಟ್ಟಿ ಸಿಮೆಂಟಿನಲ್ಲಿ ಮುಚ್ಚಿದರೆ ಗೋಡೆಯೊಳಗಿನ ತೇವಕ್ಕೆ ಸಂದಿನ ಮೂಲಕ ಹೊರಬರುವ ದಾರಿ ತಪ್ಪಿ, ಅದು ಇಟ್ಟಿಗೆಯ ಮುಖದಿಂದಲೇ ಬರುತ್ತದೆ, ಉಪ್ಪು ಕಟ್ಟಿ ಇಟ್ಟಿಗೆಯೇ ಉದುರುತ್ತದೆ. ಅಲ್ಲಿ ಕೈಯಿಂದ ಸಂದು ಕೆದಕಿ ಸುಣ್ಣದ ಗಾರೆಯನ್ನೇ ತುಂಬಬೇಕು. ಆ ಕೆಲಸ ಗೊತ್ತಿರುವ ಗಾರೆಯವರು ಈಗ ಬೆರಳೆಣಿಕೆಯಷ್ಟು.

ಇಷ್ಟಾಗಿ ಮಾತು ಮತ್ತೆ ಹಣಕ್ಕೆ ಬರುತ್ತದೆ. ನಾನು ಈಗ ಟೆಂಡರ್ ಬರೆಯುವಾಗ ಒಡೆಯುವುದನ್ನು ತುಂಬುವುದರಿಂದ ಬೇರೆ ಮಾಡುತ್ತೇನೆ. ಆಳಕ್ಕೆ ತಕ್ಕಂತೆ ದರ: ಕಂಬಿಯ ಮಟ್ಟದವರೆಗೆ ಒಂದು, ಕಂಬಿಯ ಹಿಂದಕ್ಕೆ ಇನ್ನೊಂದು, ಅದಕ್ಕೂ ಆಳಕ್ಕೆ ಹೋದರೆ ಮಗದೊಂದು. ಕಂಬಿ ಶುಚಿ ಮಾಡುವುದಕ್ಕೆ ಮೀಟರಿನ ಲೆಕ್ಕದಲ್ಲಿ ಪ್ರತ್ಯೇಕ ದರ. ಒಡೆದು ಮುಗಿದ ಮೇಲೆ, ಪ್ರೈಮರ್ ಹಚ್ಚುವ ಮೊದಲು, ಎರಡೂ ಕಡೆಯ ಎಂಜಿನಿಯರುಗಳು ಕಂಬಿಯ ಹಿಂದಕ್ಕೆ ಕನ್ನಡಿ ಹಿಡಿದು ನೋಡಿ ಸಹಿ ಹಾಕದ ಹೊರತು ಮುಚ್ಚುವಂತಿಲ್ಲ, ಮುಚ್ಚಿದರೆ ಆ ಭಾಗಕ್ಕೆ ಬಿಲ್ಲಿಲ್ಲ. ಲೆಕ್ಕಪತ್ರ ವಿಭಾಗದವರು ಇದನ್ನು ಒಪ್ಪುವುದು ಸುಲಭವಲ್ಲ, ಏಕೆಂದರೆ ಒಡೆಯುವ ಪ್ರಮಾಣ ಒಡೆಯುವವರೆಗೆ ಯಾರಿಗೂ ಗೊತ್ತಿರುವುದಿಲ್ಲ, ಅಂದಾಜನ್ನು ಮೀರುವ ಸಂಭವವೇ ಹೆಚ್ಚು. ಅವರ ಆಕ್ಷೇಪಣೆ ಸುಳ್ಳೂ ಅಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ, ಟೆಂಡರಿಗೂ ಮೊದಲು ಸಣ್ಣ ಆರ್ಡರಿನಲ್ಲಿ ಎರಡು ಮೂರು ತೊಲೆಗಳನ್ನು ಪೂರ್ತಿ ಒಡೆಸಿ, ಸಿಕ್ಕ ಆಳವನ್ನು ಅಳೆದು, ಅದರ ಆಧಾರದ ಮೇಲೆ ಅಂದಾಜು ಮಾಡಿ, ಮೇಲೆ ಶೇಕಡಾವಾರು ಹೆಚ್ಚಳಕ್ಕೆ ಮೊದಲೇ ಮಂಜೂರಾತಿ ಪಡೆಯುವುದು. ಹಾಗೆ ಮಾಡಿದ ಕಡೆಗಳಲ್ಲೂ ಬಿಲ್ಲಿನ ಹೊತ್ತಿಗೆ ವಾದ ನಡೆಯುತ್ತದೆ, ಆದರೆ ಆ ವಾದಕ್ಕೆ ಸಹಿ ಹಾಕಿದ ಅಳತೆ ಪುಸ್ತಕ ಮತ್ತು ಮುಚ್ಚುವ ಮೊದಲು ತೆಗೆದ ಫೋಟೋ ಮೇಜಿನ ಮೇಲಿರುತ್ತವೆ.